ಕಾಲಿಲ್ಲದವರಿಗೂ ಬೇಕು ಸೊಂಟದ ಆಪರೇಷನ್

ಪರಿಗಿ (ಹಿಂದೂಪುರ): ‘ಹೆಂಗೂ ಆ ಕಾಲಿಲ್ಲ, ಇನ್ಯಾಕೆ ಆಪರೇಷನ್ನು?’ ಸಕ್ಕರೆ ಕಾಯಿಲೆಯಿಂದಲೋ ಅಪಘಾತದಲ್ಲೋ ಕಾಲು ಕಳೆದುಕೊಂಡ ಹಿರಿಯರು ಬಿದ್ದು ಸೊಂಟದ ಕೀಲು ಮುರಿದುಕೊಂಡರೆ ಮನೆಮಂದಿ ಹೀಗೆನ್ನುವುದುಂಟು. ಅದು ತಪ್ಪು.

ಭಾರ ಬೀಳದ ಮೋಟುಗಾಲಿನ ಮೂಳೆ ಟೊಳ್ಳಾಗಿರುತ್ತದೆ. ರಾತ್ರಿ ಕೃತಕ ಕಾಲು ಹಾಕದೆ ಎದ್ದರೆ ಬೀಳುವುದು ಸುಲಭ. ನಾಟಿ ಕಟ್ಟು ಹಾಕಿಸಿ ಮಲಗಿಸಿದರೆ ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ.

ಆಪರೇಷನ್ ವೇಳೆ ಸಾಮಾನ್ಯವಾಗಿ ಪಾದ ಬಿಗಿದು ಎಳೆದು ಮೂಳೆ ಕೂರಿಸುತ್ತಾರೆ. ಪಾದವೇ ಇಲ್ಲದವರಿಗೆ ಉಳಿದ ತೊಡೆಮೂಳೆಗೆ ಪಿನ್ ಹಾಕಿ ಎಳೆದು ರಾಡು, ಸ್ಕ್ರೂ ಕೂರಿಸಬಹುದು. ಕೆಲವರಿಗೆ ಕೀಲಿನ ಗುಂಡನ್ನೇ ಬದಲಿಸುತ್ತಾರೆ.

1968ರಲ್ಲಿ ಡಾ. ಪಿ.ಕೆ. ಸೇಠಿ, ರಾಮಚಂದ್ರ ಶರ್ಮಾ ರೂಪಿಸಿದ ‘ಜೈಪುರ ಕಾಲು’ ಹಾಕಿ ಮತ್ತೆ ನಡೆಯಬೇಕಾದರೂ ಸೊಂಟ ಗಟ್ಟಿಯಿರಬೇಕು. ಬಿದ್ದ ದಿನವೇ 108ಕ್ಕೆ ಫೋನ್ ಮಾಡಿ. ಕೃತಕ ಕಾಲನ್ನೂ ಆಸ್ಪತ್ರೆಗೆ ಒಯ್ಯುವುದು ಮರೆಯಬೇಡಿ.