ಪ್ರಭಾವಳಿ ಕಳಚಿದ ಚೆಲುವೆ

1896ರಲ್ಲಿ ಪ್ಯಾರಿಸ್ಸಿನ ಶಾಂಪೆನ್ವಾ ಎಂಬ ಮುದ್ರಕರಿಗಾಗಿ ಒಂದು ಕ್ಯಾಲೆಂಡರ್ ಚಿತ್ರ ಸಿದ್ಧವಾಯಿತು. ಪಕ್ಕಕ್ಕೆ ಮುಖ ಮಾಡಿ ನಿಂತ ಯುವತಿ. ಆಭರಣಗಳಿಂದ ಕಿಕ್ಕಿರಿದ ಶಿರೋಭೂಷಣ. ಬಳ್ಳಿಯಂತೆ ಸುರುಳಿ ಸುತ್ತಿ ಹರಿಯುವ ಕೇಶರಾಶಿ. ಅವಳ ತಲೆಯ ಹಿಂದೆ ದ್ವಾದಶ ರಾಶಿಗಳನ್ನು ಚಿತ್ರಿಸಿದ ದೊಡ್ಡದೊಂದು ವರ್ತುಲ. ನಮ್ಮ ಉತ್ಸವಮೂರ್ತಿಗಳನ್ನು ಕಂಡ ಕಣ್ಣಿಗೆ ಅದು ಪ್ರಭಾವಳಿಯೆಂದೇ ತೋರುತ್ತದೆ. ‘ರಾಶಿಚಕ್ರ’ ಎಂಬ ಆ ಚಿತ್ರವನ್ನು ಬರೆದವರು ಮೊರಾವಿಯಾ ಪ್ರಾಂತದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅಲ್ಫೋನ್ಸ್ ಮುಖಾ.

ಆಗ ಯುರೋಪಿನಲ್ಲಿ ‘ಆರ್ಟ್ ನೂವೋ’, ಅಂದರೆ ‘ಹೊಸ ಕಲೆ’, ಎಂಬ ಅಲಂಕರಣ ಚಳವಳಿ ಹಬ್ಬುತ್ತಿತ್ತು. 1895ರ ಡಿಸೆಂಬರಿನಲ್ಲಿ ಸೀಗ್‌ಫ್ರೀಡ್ ಬಿಂಗ್ ಪ್ಯಾರಿಸ್ಸಿನಲ್ಲಿ ತೆರೆದ ಕಲಾಮಳಿಗೆಯಿಂದ ಅದಕ್ಕೆ ಆ ಹೆಸರು ಬಂತು. ಕುರ್ಚಿ, ದೀಪ, ಬಾಗಿಲು, ಪುಸ್ತಕದ ರಕ್ಷಾಪುಟ ಎಲ್ಲವೂ ಕಲೆಯಾಗಬೇಕೆಂಬುದು ಅದರ ಹಂಬಲ. ಗಿಡದ ಕಾಂಡ, ಹೂವಿನ ಎಸಳು, ನೀರಿನ ಅಲೆಗಳಿಂದ ಅದು ತನ್ನ ಬಳುಕುವ ರೇಖೆಯನ್ನು ಪಡೆಯಿತು. ದಟ್ಟವಾದ ಹೊರರೇಖೆ, ಅದರೊಳಗೆ ನೆರಳಿಲ್ಲದೆ ಹರಡಿದ ಬಣ್ಣ ಎಂಬ ಕ್ರಮವನ್ನು ಜಪಾನಿನ ಮರದಚ್ಚಿನ ಚಿತ್ರಗಳಿಂದ ಕಲಿಯಿತು. ಕಲ್ಲಚ್ಚಿನ ಮುದ್ರಣಕ್ಕೆ ಈ ಕ್ರಮ ಚೆನ್ನಾಗಿ ಒಗ್ಗಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಸಾವಿರಾರು ಪ್ರತಿಗಳು. ಚಿತ್ರವು ಶ್ರೀಮಂತರ ಹಜಾರದಿಂದ ಬೀದಿಯ ಗೋಡೆಗೆ ಬಂತು.

ಬೀದಿಯ ಗೋಡೆಗೆ ನಗುವ ತರುಣಿಯರನ್ನು ಮೊದಲೇ ತಂದಿದ್ದವರು ಜೂಲ್ಸ್ ಶೆರೆ. ಅವಳಿಗೆ ಗಾಂಭೀರ್ಯವನ್ನು ಕೊಟ್ಟವರು ಮುಖಾ. 1895ರ ಹೊಸವರ್ಷದಂದು ಪ್ಯಾರಿಸ್ಸಿನಲ್ಲಿ ಕಾಣಿಸಿಕೊಂಡ ‘ಜಿಸ್ಮೊಂಡಾ’ ನಾಟಕದ ಭಿತ್ತಿಪತ್ರವು ಎರಡು ಮೀಟರಿಗೂ ಎತ್ತರವಾಗಿತ್ತು. ಅದರಲ್ಲಿ ನಟಿ ಸಾರಾ ಬರ್ನ್‌ಹಾರ್ಟ್ ತಾಳೆಗರಿ ಹಿಡಿದು, ಕಮಾನಿನ ಕೆಳಗೆ ದೇವತೆಯಂತೆ ನಿಂತಿದ್ದರು. ಅನಂತರ ಬಿಸ್ಕತ್ತು, ಬೈಸಿಕಲ್ಲು, ಸಿಗರೇಟಿನ ಕಾಗದಗಳಿಗೂ ಮುಖಾರ ಚೆಲುವೆಯರೇ ಪ್ರಚಾರಕರಾದರು. ಸರಕು ಯಾವುದಾದರೂ ಸರಿ, ಆ ಸ್ತ್ರೀ ವಸಂತವಾಗಿಯೋ ಹೂವಾಗಿಯೋ ತೋರುತ್ತಿದ್ದಳು. ಆದರೂ ಸರಕಿನ ಪಕ್ಕದಲ್ಲಿ ಹೆಣ್ಣನ್ನು ನಿಲ್ಲಿಸುವ ರೂಢಿ ಇಲ್ಲಿ ಬೇರೂರಿತೆಂಬುದನ್ನು ಮರೆಯುವಂತಿಲ್ಲ.

ಈ ರೇಖೆಯನ್ನು ಮುಂದಿನ ತಲೆಮಾರಿಗೆ ದಾಟಿಸಿದವರಲ್ಲಿ ವಿಯೆನ್ನಾದ ರಫಾಯೆಲ್ ಕಿರ್ಷ್ನರ್ ಮುಖ್ಯರು. ಅವರು ಪ್ಯಾರಿಸ್ಸಿಗೆ ಬಂದು ಅಂಚೆಕಾರ್ಡುಗಳ ಮೇಲೆ ಆರ್ಟ್ ನೂವೋ ಶೈಲಿಯ ತರುಣಿಯರನ್ನು ಬರೆದರು. ಅಂಗೈಯಗಲದ ಕಾರ್ಡಿನಲ್ಲಿ ಬಳ್ಳಿ, ಚೌಕಟ್ಟುಗಳು ಕ್ರಮೇಣ ಹಿಂದೆ ಸರಿದವು. ವಿಲಾಸ ಮುಂದೆ ಬಂತು. ಮೊದಲನೆಯ ಮಹಾಯುದ್ಧದ ಸೈನಿಕರು ಆ ಚಿತ್ರಗಳನ್ನು ಕಂದಕಗಳಿಗೆ ಒಯ್ದರು. ಪೆರುವಿನ ಯುವಕ ಆಲ್ಬರ್ಟೋ ವರ್ಗಾಸ್ ಕಿರ್ಷ್ನರರ ಚಿತ್ರಗಳಿಗೆ ಮಾರುಹೋದವರು. ಅವರು 1916ರಲ್ಲಿ ನ್ಯೂಯಾರ್ಕಿಗೆ ಬಂದು, ಮುಂದೆ ರಂಗಭೂಮಿಯ ನಟಿಯರನ್ನು ಚಿತ್ರಿಸಿ ಹೆಸರಾದರು.

1940ರಿಂದ ‘ಎಸ್ಕ್ವೈರ್’ ಮಾಸಪತ್ರಿಕೆಯಲ್ಲಿ ಬಂದ ‘ವರ್ಗಾ ಗರ್ಲ್’ ಚಿತ್ರಗಳನ್ನು ಮುಖಾರ ಚಿತ್ರಗಳ ಪಕ್ಕದಲ್ಲಿಟ್ಟರೆ ಬಂಧುತ್ವ ತಿಳಿಯುತ್ತದೆ. ಕೊರಳಿನಿಂದ ಪಾದದವರೆಗೆ ಎಲ್ಲಿಯೂ ತಡೆಯದೆ ಇಳಿಯುವ ಅದೇ ರೇಖೆ. ವಾಸ್ತವಕ್ಕಿಂತ ನೀಳವಾದ ಅದೇ ಅಂಗಾಂಗ. ಆದರೆ ಹಿನ್ನೆಲೆ ಬರಿದು. ಋತುವಿಲ್ಲ, ಹೂವಿಲ್ಲ, ರಾಶಿಚಕ್ರವಿಲ್ಲ. ಪ್ರಭಾವಳಿಯನ್ನು ಕಳಚಿದ ಮೇಲೆ ಉಳಿದದ್ದು ನೋಡುವವನಿಗಾಗಿ ಮಾತ್ರ ಇರುವ ದೇಹ. ಗೋಡೆಗೆ ಗುಂಡುಸೂಜಿಯಿಂದ ಚುಚ್ಚಿಡುವ ಇಂತಹ ಚಿತ್ರಗಳಿಗೆ ‘ಪಿನ್‌ಅಪ್’ ಎಂಬ ಹೆಸರೇ ನಿಂತಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವರ್ಗಾಸರ ಕ್ಯಾಲೆಂಡರುಗಳು ಸೈನಿಕರ ಬಿಡಾರಗಳನ್ನು ತುಂಬಿದವು.

ಚಿತ್ರದೊಳಗಿನ ಹೆಣ್ಣಿಗೆ ಮೊದಲೇ ಹೆಸರಿರಲಿಲ್ಲ. ಕೊನೆಗೆ ಬರೆದವರ ಹೆಸರೂ ಹೋಯಿತು. ಮೊದಲು ವರ್ಗಾಸರ ಹೆಸರಿನ ಕಡೆಯ ‘ಸ್’ ಬಿದ್ದು ‘ವರ್ಗಾ’ ಆಯಿತು. 1944ರ ಕರಾರಿನಲ್ಲಿ ಅವರು ಚಿತ್ರಗಳ ಹಕ್ಕನ್ನು ಪತ್ರಿಕೆಗೆ ಬರೆದುಕೊಟ್ಟರು. 1946ರಲ್ಲಿ ಸಂಬಂಧ ಮುರಿದಾಗ, ಅವರೇ ಬರೆದು ಕೊಟ್ಟಿದ್ದ ಚಿತ್ರಗಳು ಅವರ ಹೆಸರಿಲ್ಲದೆ ‘ಎಸ್ಕ್ವೈರ್ ಗರ್ಲ್’ ಎಂದು ಅಚ್ಚಾದವು. ವರ್ಗಾಸ್ ದಾವೆ ಹೂಡಿದರು. 1947ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಅವರ ವಾದವನ್ನು ಒಪ್ಪಲಿಲ್ಲ. ಹೆಸರು ಹಾಕಬೇಕೆಂಬ ಹಕ್ಕನ್ನು ಕರಾರಿನಲ್ಲಿ ಅವರು ಉಳಿಸಿಕೊಂಡಿರಲಿಲ್ಲ. ಕರ್ತೃವಿನ ನೈತಿಕ ಹಕ್ಕೆಂಬುದನ್ನು ಆ ದೇಶದ ಕಾನೂನು ಆಗ ಮಾನ್ಯ ಮಾಡಿರಲಿಲ್ಲ.

ಭಾರತದ ಕಾನೂನು ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ 57ನೆಯ ಕಲಮಿನ ಪ್ರಕಾರ, ಹಕ್ಕುಸ್ವಾಮ್ಯವನ್ನು ಪೂರ್ತಿಯಾಗಿ ಮಾರಿದ ಮೇಲೂ ‘ಇದು ನನ್ನ ಕೃತಿ’ ಎಂದು ಹೇಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಕೃತಿಯನ್ನು ವಿರೂಪಗೊಳಿಸಿ ಕರ್ತೃವಿನ ಗೌರವಕ್ಕೆ ಕುಂದು ತಂದರೆ ಪ್ರಶ್ನಿಸಲೂಬಹುದು. ಶಾಲೆಯ ಕೈಬರಹ ಪತ್ರಿಕೆಗೆ ಹೂವಿನ ಅಂಚು ಬರೆದುಕೊಡುವ ಬಾಲಕಿಯ ಚಿತ್ರವೂ ಈ ಕಲಮಿನ ಹೊರಗಿಲ್ಲ. ಆ ಪುಟದ ಮೂಲೆಯಲ್ಲಿ ಅವಳ ಹೆಸರಿಗೆ ಅರ್ಧ ಅಂಗುಲ ಜಾಗ ಬಿಟ್ಟರೆ ಸಾಕು.