ನಿಮಗಿದು ಗೊತ್ತೇ? ನಮ್ಮ ಪ್ರತಿನಿಧಿ ‘ಹೌದು’ ಅಂದರೋ, ‘ಇಲ್ಲ’ ಅಂದರೋ?

ಥಾಮಸ್ ಆಲ್ವಾ ಎಡಿಸನ್‌ಗೆ ಸಿಕ್ಕ ಮೊಟ್ಟಮೊದಲ ಪೇಟೆಂಟ್ ಬಲ್ಬಿಗಲ್ಲ, ಸದನದಲ್ಲಿ ಮತ ದಾಖಲಿಸುವ ಯಂತ್ರಕ್ಕೆ. ಅದು ಸಿಕ್ಕಿದ್ದು 1869ರ ಜೂನ್ 1ರಂದು. ಸದಸ್ಯರು ಕೂತಲ್ಲಿಂದಲೇ ಹೌದು–ಇಲ್ಲ ಹೇಳಿ ಮುಗಿಸಬಹುದಿತ್ತು. ವಾಷಿಂಗ್ಟನ್ನಿನ ರಾಜಕಾರಣಿಗಳು ಬೇಡವೇ ಬೇಡ ಎಂದರು. ಎಣಿಕೆ ಇಷ್ಟು ಬೇಗ ಮುಗಿದುಹೋದರೆ ಕೊನೆಗಳಿಗೆಯಲ್ಲಿ ಅತ್ತಿತ್ತ ಮನವೊಲಿಸಲು ಪುರುಸೊತ್ತೆಲ್ಲಿ? ಅಮೆರಿಕದ ಕೆಳಮನೆಗೆ ವಿದ್ಯುನ್ಮಾನ ಮತದಾನ ಬಂದಿದ್ದು 1973ರಲ್ಲಿ.

ನಮ್ಮ ಲೋಕಸಭೆಯಲ್ಲಿ ಗುಂಡಿಗಳಿವೆ: ‘ಹೌದು’ಗೆ ಹಸಿರು, ‘ಇಲ್ಲ’ಕ್ಕೆ ಕೆಂಪು, ಯಾವುದೂ ಬೇಡವೆನ್ನುವವರಿಗೆ ಹಳದಿ. ಆದರೆ ಅವುಗಳಿಗೆ ಕೆಲಸ ಕಡಿಮೆ. ಬಹುಪಾಲು ಮಸೂದೆಗಳು ಪಾಸಾಗುವುದು ಧ್ವನಿಮತದಲ್ಲಿ. ಒಂದು ಕಡೆಯಿಂದ ‘ಹೌದು’, ಇನ್ನೊಂದು ಕಡೆಯಿಂದ ‘ಇಲ್ಲ’, ಸ್ಪೀಕರ್ ಕಿವಿಗೆ ಯಾವುದು ಜೋರಾಗಿ ಕೇಳಿತೋ ಅದು ಗೆದ್ದಂತೆ. ನಿಮ್ಮ ಸಂಸದರ ದನಿ ಯಾವ ಕಡೆಗಿತ್ತು? ಯಾವ ಕಡತದಲ್ಲೂ ಇರುವುದಿಲ್ಲ.

ಧ್ವನಿಮತ ಒಪ್ಪದವರು ಮತವಿಭಜನೆ ಕೇಳಬಹುದು. ಆದರೆ ಸುಮ್ಮನೆ ಕೇಳುತ್ತಿದ್ದಾರೆ ಎಂದು ಲೋಕಸಭೆಯ ಸ್ಪೀಕರ್‌ಗೆ ಅನ್ನಿಸಿದರೆ, ಸದಸ್ಯರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿಬಿಡಬಹುದು. ನಿಯಮ 367 ಅದಕ್ಕೆ ಅವಕಾಶ ಕೊಡುತ್ತದೆ. ಆಗಲೂ ಸಿಗುವುದು ಬರೀ ಸಂಖ್ಯೆ, ಹೆಸರಲ್ಲ.

ಹಾಗಾದರೆ ಹೆಸರು ಯಾವಾಗ ಸಿಗುತ್ತದೆ? ಮತವಿಭಜನೆ ನಡೆದಾಗ, ಅದರಲ್ಲೂ ತಪ್ಪದೆ ಸಂವಿಧಾನ ತಿದ್ದುಪಡಿಗೆ ಕೂರುವಾಗ. 368ನೇ ವಿಧಿ ಕೇಳುವ ಮೂರನೇ ಎರಡರಷ್ಟು ಬಹುಮತವನ್ನು ಗಂಟಲಿನ ಜೋರಿನಿಂದ ಅಳೆಯಲಾಗದು, ಒಬ್ಬೊಬ್ಬರ ಮತವೂ ಲೆಕ್ಕಕ್ಕೆ ಬರಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಬಿತ್ತು, ವಿರುದ್ಧ 2. ಆ ಇಬ್ಬರು ಯಾರೆಂದು ಇಡೀ ದೇಶಕ್ಕೆ ಗೊತ್ತಾಯಿತು. ಹೊಸ ಸಂಸತ್ ಭವನದಲ್ಲಿ ಅಂದು ಮತ ಹಾಕಿದ್ದು ಕಾಗದದ ಚೀಟಿಯಲ್ಲಿ. ಮುಂದೆ 2024ರ ಡಿಸೆಂಬರ್ 17ರಂದು ‘ಒಂದು ದೇಶ ಒಂದು ಚುನಾವಣೆ’ ಮಸೂದೆ ಮಂಡನೆಗೆ ಗುಂಡಿ ಒತ್ತಿದಾಗ ಪರದೆ ತೋರಿಸಿದ್ದು 220–149. ಚೀಟಿಯಲ್ಲಿ ಮತ ಕೊಟ್ಟವರನ್ನೂ ತಿದ್ದಿಕೊಂಡವರನ್ನೂ ಸೇರಿಸಿದ ಮೇಲೆ ಅದು 269–198 ಆಯಿತು!

ಒಂದೇ ಮತದ ಬೆಲೆ ನೋಡಬೇಕೇ? 1999ರ ಏಪ್ರಿಲ್ 17ರಂದು ವಾಜಪೇಯಿ ಸರಕಾರ ಬಿದ್ದದ್ದು 269–270ರಲ್ಲಿ. ಒಡಿಶಾದ ಮುಖ್ಯಮಂತ್ರಿಯಾಗಿದ್ದ ಗಿರಿಧರ್ ಗಮಾಂಗ್ ಇನ್ನೂ ಸಂಸದ ಸ್ಥಾನ ಬಿಟ್ಟಿರಲಿಲ್ಲ. ಬಂದರು, ಸರಕಾರದ ವಿರುದ್ಧ ಮತ ಹಾಕಿದರು.

ಇನ್ನು ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಪಕ್ಷ ಹೇಳಿದ್ದಕ್ಕೆ ವಿರುದ್ಧವಾಗಿ ಮತ ಹಾಕಿದರೂ, ಮತದಾನಕ್ಕೆ ಬಾರದೆ ಉಳಿದರೂ ಸದಸ್ಯತ್ವಕ್ಕೆ ಕುತ್ತು. ಪಕ್ಷ 15 ದಿನದೊಳಗೆ ಕ್ಷಮಿಸಿದರೆ ಬಚಾವ್. ಹೀಗಿರುವಾಗ ಮತದ ದಾಖಲೆ ಸಿಕ್ಕರೂ ಅದು ನಿಮ್ಮ ಪ್ರತಿನಿಧಿಯ ಮನಸ್ಸಿನದೋ ಪಕ್ಷದ ಚೀಟಿಯದೋ ಎಂದು ಹೇಳುವುದು ಕಷ್ಟ. ನನ್ನ ಕೇಳಿದರೆ, ಈ ಕಾಯ್ದೆ ಶಾಸಕರ ಖರೀದಿಯನ್ನು ನಿಲ್ಲಿಸಲಿಲ್ಲ, ಸಗಟು ವ್ಯಾಪಾರವಾಗಿಸಿತು. 2019ರ ಜುಲೈ 23ರಂದು ಕರ್ನಾಟಕ ವಿಧಾನಸಭೆಯಲ್ಲಿ ಕುಮಾರಸ್ವಾಮಿ ಸರಕಾರ 99–105ರಲ್ಲಿ ಸೋತಿತು. ಸರಕಾರದ ಕಡೆಯಿಂದ ಬಂಡೆದ್ದ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಜೊತೆಗೆ ಉಪಚುನಾವಣೆಗೆ ನಿಲ್ಲಬಹುದು ಎಂದೂ ಹೇಳಿತು. ಡಿಸೆಂಬರ್‌ನಲ್ಲಿ ಚುನಾವಣೆ ನಡೆದ 15 ಕ್ಷೇತ್ರಗಳಲ್ಲಿ 12 ಬಿಜೆಪಿ ಪಾಲಾದವು.

ಶಾಸಕರ ಒಂದು ಮತವಂತೂ ಪೂರಾ ಬಯಲು, ಆದರೆ ನಿಮಗಲ್ಲ. ರಾಜ್ಯಸಭಾ ಚುನಾವಣೆಯಲ್ಲಿ ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ಪಕ್ಷದ ಏಜೆಂಟರಿಗೆ ತೋರಿಸಬೇಕು. 2003ರ ತಿದ್ದುಪಡಿ ಇದು. ವಿಚಿತ್ರವೆಂದರೆ ಇಲ್ಲಿ ಅಡ್ಡಮತ ಹಾಕಿದರೆ ಶಾಸಕ ಸ್ಥಾನ ಹೋಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಮತ ಹಾಕಿದರು, ಶಿವರಾಂ ಹೆಬ್ಬಾರ್ ಮತದಾನಕ್ಕೇ ಬರಲಿಲ್ಲ. ಪಕ್ಷ ಇಬ್ಬರನ್ನೂ ಉಚ್ಚಾಟಿಸಿದ್ದು 2025ರ ಮೇ ತಿಂಗಳಲ್ಲಿ.

ಹಾಜರಿ? ಸಂಸದರು ಹಾಜರಿ ದಾಖಲಿಸಬೇಕು, ಇಲ್ಲದಿದ್ದರೆ ಆ ದಿನದ ಭತ್ಯೆಯಿಲ್ಲ. ಆಮೇಲೆ ಎಷ್ಟು ಹೊತ್ತು ಕೂತರು ಎಂಬುದು ದಾಖಲೆಗೆ ಗೊತ್ತಾಗದು. ಮಂತ್ರಿಗಳಂತೂ ಹಾಜರಿ ಹಾಕುವುದೇ ಇಲ್ಲ, ಹಾಗಾಗಿ ಹಾಜರಿ ಪಟ್ಟಿಯಲ್ಲಿ ಅವರ ಮುಂದೆ ಖಾಲಿ ಜಾಗ. ನಮ್ಮ ವಿಧಾನಸಭೆಯಲ್ಲಿ ಸ್ಪೀಕರ್ ಯು.ಟಿ. ಖಾದರ್ 2024ರಲ್ಲಿ ಶಾಸಕರು ಒಳಬರುವ, ಹೊರಹೋಗುವ ಸಮಯ ಹಿಡಿಯಲು ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಹಾಕಿಸಿದರು.

ಅನುಮತಿಯಿಲ್ಲದೆ 60 ದಿನ ಸದನಕ್ಕೆ ಬಾರದಿದ್ದರೆ ಸ್ಥಾನ ತೆರವಾಗಿದೆಯೆಂದು ಸದನ ಘೋಷಿಸಬಹುದು. ಸಂಸದರಿಗೆ ಸಂವಿಧಾನದ 101ನೇ ವಿಧಿ, ಶಾಸಕರಿಗೆ 190. ಕಠಿಣವಾಗಿ ಕಾಣುತ್ತದೆ, ಅಲ್ಲವೇ? ಅಧಿವೇಶನ ಮುಗಿದ ದಿನಗಳು ಈ ಲೆಕ್ಕಕ್ಕಿಲ್ಲ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ದಿನಗಳೂ ಇಲ್ಲ. ವರ್ಷಕ್ಕೆ ಸದನ ಸೇರುವ ದಿನಗಳೇ ಬೆರಳೆಣಿಕೆಯಾದ ರಾಜ್ಯಗಳಲ್ಲಿ 60 ಮುಟ್ಟಬೇಕಾದರೆ ಬಾರದಿರುವುದಕ್ಕೂ ತಪಸ್ಸು ಮಾಡಬೇಕು.

ಪ್ರಶ್ನೆಗಳ ಎಣಿಕೆ ಇನ್ನೂ ಜನಪ್ರಿಯ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, ಅದಕ್ಕೆ ಮಂತ್ರಿ ಬಾಯಿಬಿಟ್ಟು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದವು 230, ಉತ್ತರ ಲಿಖಿತ. ‘ಅತಿ ಹೆಚ್ಚು ಪ್ರಶ್ನೆ ಕೇಳಿದ ಸಂಸದ’ ಎಂಬ ಫ್ಲೆಕ್ಸ್ ಕಂಡಾಗ 2005ರ ಡಿಸೆಂಬರ್ ನೆನಪಿರಲಿ. ದುಡ್ಡು ಪಡೆದು ಪ್ರಶ್ನೆ ಕೇಳಿದ್ದಕ್ಕೆ 11 ಸಂಸದರನ್ನು ಉಚ್ಚಾಟಿಸಿದ ತಿಂಗಳದು. ಎಣಿಸಲು ಸುಲಭವಾದದ್ದನ್ನು ಎಣಿಸುತ್ತೇವೆ, ತೂಕಕ್ಕೆ ಹಾಕುವವರು ಕಡಿಮೆ.

ಸದನದ ಮಾತನ್ನು ಪತ್ರಿಕೆಯಲ್ಲಿ ನಿರ್ಭಯವಾಗಿ ವರದಿ ಮಾಡಬಹುದು ಎಂಬ 1956ರ ಕಾನೂನು ಸರಕಾರ ತಂದಿದ್ದಲ್ಲ. ಅದು ಫಿರೋಜ್ ಗಾಂಧಿಯವರ ಖಾಸಗಿ ಮಸೂದೆ. ತುರ್ತು ಪರಿಸ್ಥಿತಿಯಲ್ಲಿ ಅದನ್ನು ರದ್ದು ಮಾಡಿದ ಸರಕಾರ ಅವರ ಪತ್ನಿಯದು! 1977ರಲ್ಲಿ ಮರಳಿ ಬಂತು.

ಸಂಬಳ ಎಷ್ಟಿರಬೇಕೆಂದು ತೀರ್ಮಾನಿಸುವವರು ಸಂಬಳ ಪಡೆಯುವವರೇ. ಕರ್ನಾಟಕದ ಶಾಸಕರ ಮೂಲ ವೇತನವನ್ನು 40,000ದಿಂದ 80,000 ರೂಪಾಯಿಗೆ ಏರಿಸುವ ಮಸೂದೆ 2025ರ ಮಾರ್ಚ್ 21ರಂದು ವಿಧಾನಸಭೆಯ ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾಯಿತು. ಅದೇ ದಿನ ಬಿಜೆಪಿಯ 18 ಶಾಸಕರು ಅಮಾನತಾದರು.

ಕ್ಷೇತ್ರಾಭಿವೃದ್ಧಿ ನಿಧಿ: ಸಂಸದರಿಗೆ ವರ್ಷಕ್ಕೆ 5 ಕೋಟಿ, ನಮ್ಮ ಶಾಸಕರಿಗೆ 2 ಕೋಟಿ. ಸಂಸದರ ಕೈಗೆ ಒಂದು ಪೈಸೆಯೂ ಬರುವುದಿಲ್ಲ. ಅವರದು ಶಿಫಾರಸು, ಮಾಡಿಸುವುದು ಜಿಲ್ಲಾಡಳಿತ. ಬಸ್ ತಂಗುದಾಣದ ಮೇಲೆ ದೊಡ್ಡದಾಗಿ ಬರೆಸಿರುವ ಹೆಸರು ಬೇರೆ ಮಾತು. 1993ರಲ್ಲಿ ಸಂಸದರ ಈ ಯೋಜನೆ ಶುರುವಾದಾಗ ಮೊತ್ತ 5 ಲಕ್ಷ.

ಚುನಾವಣಾ ಖರ್ಚಿನ ಮಿತಿ ನಮ್ಮ ರಾಜ್ಯದಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಇದು ಅಭ್ಯರ್ಥಿಗೆ ಮಾತ್ರ, ಪಕ್ಷಕ್ಕೆ ಮಿತಿಯೇ ಇಲ್ಲ. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿ ಲೆಕ್ಕ ಕೊಡಬೇಕು. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು ಎಂದು 1961ರ ಚುನಾವಣಾ ನಿಯಮಗಳು ಹೇಳುತ್ತವೆ. ಅಲ್ಲಿ ಬರೆದಿರುವ ಶುಲ್ಕ ಒಂದು ರೂಪಾಯಿ.

ಅಭ್ಯರ್ಥಿಗಳ ಆಸ್ತಿ, ಕ್ರಿಮಿನಲ್ ಮೊಕದ್ದಮೆಗಳ ಪ್ರಮಾಣಪತ್ರ ನಮಗೆ ಸಿಗುತ್ತಿರುವುದು 2002ರ ಮೇ 2ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಅದರ ಹಿಂದೆ ಅಹಮದಾಬಾದ್ ಐಐಎಂನ ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ ಎಡಿಆರ್ ಸಂಸ್ಥೆಯಿತ್ತು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿ ಆಮೇಲೆ ಬೆಂಗಳೂರು ಐಐಎಂಗೆ ಬಂದರು.

ಬ್ರಿಟನ್ನಿನಲ್ಲಿ 2009ರಲ್ಲಿ ಸಂಸದರ ವೆಚ್ಚದ ಬಿಲ್ಲುಗಳು ಪತ್ರಿಕೆಗೆ ಸೋರಿದವು. ಒಬ್ಬರು ಕೊಳದ ಬಾತುಕೋಳಿಗಳ ಮನೆಗಾಗಿ 1,645 ಪೌಂಡ್ ಕೇಳಿದ್ದರು. ದುಡ್ಡು ಸಿಗಲಿಲ್ಲ, ರಾಜಕೀಯ ಬದುಕೂ ಉಳಿಯಲಿಲ್ಲ. ಸ್ಪೀಕರ್ ಮೈಕೆಲ್ ಮಾರ್ಟಿನ್ ರಾಜೀನಾಮೆ ಕೊಟ್ಟರು. ಅಲ್ಲಿಂದೀಚೆಗೆ ಸಂಸದರ ಖರ್ಚು ನೋಡಿಕೊಳ್ಳುವುದು ಸ್ವತಂತ್ರ ಪ್ರಾಧಿಕಾರ, ಬಿಲ್ಲಿನ ವಿವರಗಳನ್ನು ಅದೇ ಪ್ರಕಟಿಸುತ್ತದೆ.

ನಮ್ಮಲ್ಲಿ? 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಸಲ್ಲಿಸಬೇಕು. ಸಲ್ಲಿಸದವರ ಪಟ್ಟಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ, ಮಂತ್ರಿಗಳ ಹೆಸರೂ ಅದರಲ್ಲಿರುವುದುಂಟು.