ಹುಳುವಿನ ಪಾಲು

ಮಳೆ ಹಿಂದೆ ಸರಿದಿದೆ, ಕರಾವಳಿಯ ಹಿತ್ತಿಲಲ್ಲಿ ಕರಿಬೇವು ಎಳೆ ಚಿಗುರು ಬಿಟ್ಟಿದೆ. ಬೆಳಗಿನ ಬಿಸಿಲು ಏರುತ್ತಿದ್ದಂತೆ ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣೊಂದು ಬಂತು. ಕಪ್ಪು ರೆಕ್ಕೆ, ಅಂಚಿಗೆ ಕೆಂಪು ಮಚ್ಚೆ. ಹಕ್ಕಿಗಳು ಬಾಯಿಗಿಡದ ಕಾಮನ್ ರೋಸ್ ಚಿಟ್ಟೆಯ ವೇಷವದು. ಪಕ್ಕದಲ್ಲೇ ದಾಸವಾಳ ಅರಳಿದ್ದರೂ ಅತ್ತ ಸುಳಿಯಲಿಲ್ಲ. ಚಿಗುರಿಗಿಳಿದು ಮುಂಗಾಲಿಂದ ಎಲೆ ತಟ್ಟಿ ತಟ್ಟಿ ನೋಡಿತು. ಚಿಟ್ಟೆಗೆ ರುಚಿ ತಿಳಿಯುವುದು ಕಾಲಲ್ಲೂ ಹೌದು. ಕರಿಬೇವೇ ಎಂದು ಖಾತ್ರಿಯಾದ ಮೇಲೆ, ರೆಕ್ಕೆ ಬಡಿಯುತ್ತಲೇ ಹೊಟ್ಟೆ ಬಾಗಿಸಿ ಸಾಸಿವೆಯಷ್ಟು ಹಳದಿ ಮೊಟ್ಟೆಯೊಂದನ್ನು ಅಂಟಿಸಿ ಹಾರಿಹೋಯಿತು.

ಕೆಲವೇ ದಿನಗಳಲ್ಲಿ ಹುಳು ಹೊರಬರುತ್ತದೆ. ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆ, ಬೆಳೆದಂತೆ ಎಲೆಯದೇ ಹಸಿರು. ಕಡ್ಡಿಯಿಂದ ಮೆಲ್ಲಗೆ ಸವರಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಛಕ್ಕನೆ ಚಾಚುತ್ತದೆ, ಜೊತೆಗೆ ಘಾಟು ವಾಸನೆ. ಅಷ್ಟರಲ್ಲಿ ಒಳಗಿನಿಂದ ಕೂಗು: ‘ಅಯ್ಯೋ, ಒಗ್ಗರಣೆಗೆ ಒಂದೆಲೆ ಉಳಿದಿಲ್ಲ, ಔಷಧಿ ಹೊಡೀರಿ!’

ದಯವಿಟ್ಟು ಹೊಡೆಯಬೇಡಿ. ಗಿಡ ಮತ್ತೆ ಚಿಗುರುತ್ತದೆ. ಚಿಟ್ಟೆ ಬರಲೆಂದು ನರ್ಸರಿಯಿಂದ ಹೂಗಿಡ ತರುವವರು ಬಹಳ ಮಂದಿ. ಹುಳುವಿಗೆಂದು ಗಿಡ ನೆಡುವವರು ಕಡಿಮೆ. ಹೂವಿಗೆ ಬಂದ ಚಿಟ್ಟೆ ಮಕರಂದ ಹೀರಿ ಹೊರಟುಬಿಡುತ್ತದೆ, ಬೇಕಾದ ಎಲೆ ಸಿಕ್ಕರೆ ಅಲ್ಲೇ ಸಂಸಾರ ಹೂಡುತ್ತದೆ. 2006ರಲ್ಲಿ ತೆರೆದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನದಲ್ಲೂ ಹೂಗಿಡಗಳ ಜೊತೆಗೆ ಹುಳುಗಳ ಮೇವಿನ ಗಿಡಗಳಿವೆ. ಜಾಗವಿಲ್ಲ ಎನ್ನುವ ಬೆಂಗಳೂರಿನ ಬಾಲ್ಕನಿಗೆ ಕುಂಡದಲ್ಲೊಂದು ನಿಂಬೆ ಸಾಕು, ಲೈಮ್ ಚಿಟ್ಟೆ ಅದನ್ನು ಹುಡುಕಿಕೊಂಡು ಮಹಡಿ ಏರುತ್ತದೆ.

ಬೇಲಿಯಂಚಿನ ಎಕ್ಕ ಕಡಿಯುವ ಮುನ್ನ ಒಮ್ಮೆ ಎಲೆ ಮಗುಚಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ರೆಕ್ಕೆ ಬಂದ ಮೇಲೂ ಆ ಕಹಿಯೇ ಅದರ ಕಾವಲು.

ಮಲೆನಾಡು, ಕರಾವಳಿಯವರಿಗೆ ಇನ್ನೂ ದೊಡ್ಡ ಭಾಗ್ಯವಿದೆ. ನಮ್ಮ ರಾಜ್ಯಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕಪ್ಪು ಮುಂರೆಕ್ಕೆ, ಹೊಳೆಯುವ ಹಳದಿ ಹಿಂರೆಕ್ಕೆ ಹೊತ್ತು ಕೇಪಳದ ಹೂವಿಗೆ ಬರುತ್ತದೆ. ರೆಕ್ಕೆಯಗಲ 14ರಿಂದ 19 ಸೆಂಟಿಮೀಟರ್. ಅದು ಮೊಟ್ಟೆಯಿಡಲು ಬೇಕಾದದ್ದು ಈಶ್ವರಿ ಬಳ್ಳಿಯಂಥ ಕೆಲವೇ ಬಳ್ಳಿಗಳು. ಈಶ್ವರಿಯನ್ನು ಮರದ ಬುಡದ ಅರೆನೆರಳಲ್ಲಿ ಹಬ್ಬಿಸಿ. ಅಷ್ಟು ದೊಡ್ಡ ಚಿಟ್ಟೆಯ ಹುಳುವಿನ ಹೊಟ್ಟೆಯೂ ದೊಡ್ಡದು, ಒಂದೇ ಬಳ್ಳಿ ಸಾಲದು. ಮೂರ್ನಾಲ್ಕನ್ನಾದರೂ ಒಟ್ಟಿಗೇ ನೆಡಿ.